ಹಗ್ಗ ಇನ್ನೂ ಹಳೇ ಗುಂಡಿಗೇ ಹೋಗ್ತಿದೆ

ಲೈಲ್,

ಅಪ್ಪನ್ನ ಕರ್ಕೊಂಡು ಬರೋಕೆ ರೈಲು ಹಳಿ ಹತ್ರ ಹೋಗ್ತಿದ್ದೀನಿ. ನಿನ್ನ ಎಬ್ಬಿಸಿದ್ರೆ ಜಗಳ ಆಗುತ್ತೆ, ಅವರು ರೈಲಿಳಿದು ಅಲ್ಲಿ ಚಳೀಲಿ ಒಬ್ಬರೇ ನಿಂತಿರ್ತಾರೆ. ಅದಕ್ಕೇ ಬರೆದಿಡ್ತಿದ್ದೀನಿ.

ನಿನ್ನೆ ಕಕ್ಕಸಿನ ಮರದ ಗೂಡನ್ನ ಹೊಸ ಗುಂಡಿ ಮೇಲೆ ಎಳೆದು ಕೂರಿಸ್ದೆ. ಚೆನ್ನಾಗಿದೆ, ಬಾಗಿಲೂ ನೆಟ್ಟಗೆ ಮುಚ್ಚುತ್ತೆ. ಆದ್ರೆ ಕಕ್ಕಸಿಗೆ ಹಿಡ್ಕೊಂಡು ಹೋಗೋಕೆ ಅಂತ ಮನೆ ಬಾಗಿಲಿಂದ ಕಟ್ಟಿರೋ ಹಗ್ಗ ಯಾರು ಬದಲಾಯಿಸ್ಬೇಕಿತ್ತು? ಅದರ ಆ ಕಡೆ ತುದಿ ಇನ್ನೂ ಹಳೇ ಗುಂಡಿ ಪಕ್ಕದ ಮರದಲ್ಲೇ ಇದೆ. ರಾತ್ರಿ ಹಿಮ ಬಿದ್ದು, ನೀನು ಗುಂಡಿಗೆ ಮುಚ್ಚಿದ ತೆಳು ಹಲಗೆ ಕಾಣ್ತಾನೇ ಇಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹಗ್ಗ ಹಿಡ್ಕೊಂಡು ಹೋದೆ. ಹಲಗೆ ಮುರಿದು ಮಂಡಿವರೆಗೂ ಇಳಿದೆ. ನಗಬೇಡ.

ನಾನಾಗಿದ್ದಕ್ಕೆ ಹಗ್ಗಕ್ಕೆ ಜೋತುಬಿದ್ದು ಮೇಲೆ ಬಂದೆ. ಅಪ್ಪನಿಗೆ ಈಗ ಬೆಳಕು, ನೆರಳು ಬಿಟ್ರೆ ಏನೂ ಕಾಣಲ್ಲ. ಇಲ್ಲಿ ಅವರು ನಂಬೋದು ಆ ಹಗ್ಗ ಒಂದನ್ನೇ. ಕೈ ಹಿಡಿದು ಕರ್ಕೊಂಡು ಹೋಗ್ತೀನಿ ಅಂದ್ರೆ ಬಡಿಯೋಕೇ ಬರ್ತಾರೆ.

ಗಂಟು ಹೆಪ್ಪುಗಟ್ಟಿ ಕಲ್ಲಾಗಿದೆ, ನನ್ನ ಕೈಲಿ ಬಿಚ್ಚೋಕಾಗ್ಲಿಲ್ಲ. ಬಿಸಿನೀರು ಹುಯ್ದು ಬಿಚ್ಚು. ಹೊಸ ಜಾಗದ ಬಾಗಿಲಿಗೆ ಬಿಗಿಯಾಗಿ ಕಟ್ಟು. ಹೊಸ ಗುಂಡಿಯಿಂದ ತೋಡಿಟ್ಟ ಮಣ್ಣು ಚಳಿಗೆ ಗಟ್ಟಿಯಾಗೋ ಮುಂಚೆ ಹಳೇ ಗುಂಡಿಗೆ ತುಂಬು, ನಾಳೆ ಅನ್ಬೇಡ. ಕಕ್ಕಸಿನ ಸೀಟನ್ನ ಬಿಚ್ಚಿ ತಂದು ಒಲೆ ಪಕ್ಕದ ಮೊಳೆಗೆ ನೇತುಹಾಕು, ತಣ್ಣಗಿದ್ರೆ ಅಪ್ಪ ಕೂರಲ್ಲ. ಮೂಸ್ ಜಿಂಕೆ ಮಾಂಸದ ಸಾರು ಒಲೆ ಮೇಲಿದೆ. ಕೆಲಸ ಮುಗಿಸಿ ತಿನ್ನು.

ನಾವು ಬಂದ ಮೇಲೆ ಮೊದಲು ನೀನು ಕಣ್ಣು ಮುಚ್ಕೊಂಡು, ಆ ಹಗ್ಗ ಹಿಡಿದು, ನನ್ನ ಮುಂದೆ ನಡೀಬೇಕು. ಆಮೇಲೇ ಅದು ಅಪ್ಪನ ಕೈಗೆ.

ಕೊರಿನ್