ಆ ನೀರಿಗೆ ನಾನು ಕೈ ಅದ್ದಲಿಲ್ಲ

ತಿಲ್ಡೆ ಅಕ್ಕಾ,

ಈ ಕಥೆಯನ್ನು ಮೊದಲು ಹೇಳಿದವಳು ನೀನೇ. ಕಳೆದ ಶನಿವಾರ, ಬೆಟ್ಟದವರು ಮೆಕ್ಕೆಜೋಳ ಕೊಟ್ಟು ನಮ್ಮ ತಿಮಿಂಗಿಲದ ಒಣಮಾಂಸ ಒಯ್ಯುವ ಸಂತೆಯಲ್ಲಿ. ಐದು ಹೆಂಗಸರನ್ನು ಸುತ್ತ ಕೂರಿಸಿಕೊಂಡು ಹೇಳಿದೆಯಂತೆ: "ಗೋರಿಸ್ ಈಟಿ ಸುಮ್ನೆ ತಪ್ಪಿತಾ? ಹಿಂದಿನ ದಿನ ಅವನ ಹೆಂಡ್ತಿ ತಟ್ಟೆ ಎಸೆದು ಕೂಗಾಡಿದ್ಲು. ಪಕ್ಕದ್ಮನೆ ನಾನು, ನಂಗೆ ಕೇಳ್ಸಲ್ವಾ?"

ನನ್ನ ಗಂಡನ ಈಟಿ ತಪ್ಪಿದ್ದು ನಿಜ, ಆದರೆ ಯಾವ ತಟ್ಟೆ ಅಕ್ಕಾ? ಅದರ ಹಿಂದಿನ ದಿನ ನಾನು ಮನೆಯಲ್ಲೇ ಇರಲಿಲ್ಲ. ತವರಿನಲ್ಲಿ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನಿನಗದು ಗೊತ್ತು. ಅವತ್ತು ನನ್ನ ಕೋಳಿಗಳಿಗೆ ಕಾಳು ಹಾಕಿದವಳೇ ನೀನು.

ಮನೆಯಲ್ಲಿ ಕೋಪ ಆರದೆ ಉಳಿದಿರುವಾಗ ದೋಣಿ ಹತ್ತಿದವನ ಈಟಿ ತಿಮಿಂಗಿಲಕ್ಕೆ ತಾಗುವುದಿಲ್ಲ ಎಂಬುದು ನಮ್ಮ ತೀರದ ನಂಬಿಕೆ. ಈಟಿ ತಪ್ಪಿದರೆ ಹಿರಿಯರು ಮೊದಲು ವಿಚಾರಿಸುವುದು ಹೆಂಡತಿಯನ್ನು. ಇದೆಲ್ಲ ತಿಳಿದೇ ನೀನು ಬಾಯಿ ಬಿಟ್ಟೆ. ಸೋಮವಾರ ಗೋರಿಸ್‌ನ ಕೈಯಿಂದ ಹಿರಿಯರು ಈಟಿ ಕಿತ್ತುಕೊಂಡರು. ಈಟಿ ಎಸೆಯಲು ದೋಣಿಯ ಮೂತಿಯ ಮೇಲೆ ನಿನ್ನ ಗಂಡ ಲಾಂಬರ್ಟ್ ನಿಂತ. ಹದಿನಾರು ವರ್ಷ ಅಲ್ಲಿ ನಿಂತ ನನ್ನ ಗಂಡನನ್ನು, ಲಾಂಬರ್ಟನ ಸ್ವಂತ ತಮ್ಮನನ್ನು, ದೋಣಿಯೊಳಗಿನ ನೀರು ತೋಡಲು ಕೂರಿಸಿದರು. ಮನೆಗೆ ಬಂದವನು ಉಣ್ಣಲಿಲ್ಲ. ಗೋಡೆ ನೋಡುತ್ತಾ ಮಲಗಿದ.

ಇದಕ್ಕೆಲ್ಲ ನಿನ್ನ ಮಾತೇ ಕಾರಣವೆಂಬ ಸುದ್ದಿ ಕಿವಿಗೆ ಬಿದ್ದಾಗ ನಾನು ಬಿಸಿಬಿಸಿ ಹುರಿದ ಜೋಳವನ್ನು ಅವಲಕ್ಕಿಯಂತೆ ಚಪ್ಪಟೆಯಾಗಲೆಂದು ಕಲ್ಲಿನಿಂದ ತಟ್ಟುತ್ತಿದ್ದೆ. ಆ ಕಲ್ಲು ಹಿಡಿದೇ ನಿನ್ನ ಬಾಗಿಲಿಗೆ ಬಂದೆ. ನೀನು ಬೆನ್ನು ತಿರುಗಿಸಿ, ಒಲೆಯ ಮುಂದೆ ಕೂತು ಮಾತೆ ಮರಿಯಳ ಹಾಡು ಗುನುಗುತ್ತಿದ್ದೆ. ಎಂಥ ಗಂಟಲು, ಎಂಥ ಭಕ್ತಿ! ನನ್ನ ತೋಳು ಮೇಲೆದ್ದಿತ್ತು. "ಸ್ವಾಮಿ, ಈ ಕೈ ಹಿಡ್ಕೋ, ನನ್ನಿಂದಾಗಲ್ಲ" ಎಂದೆ. ಹೇಗೋ ಕಾಲುಗಳು ಹಿಂದಕ್ಕೆ ಬಂದವು. ಕ್ಷಮಿಸಿಬಿಟ್ಟೆ ಅಂದುಕೊಳ್ಳಬೇಡ. ಮನೆಗೆ ಹೋಗಿ ಬುಟ್ಟಿ ಜೋಳವನ್ನೆಲ್ಲ ತಟ್ಟಿದೆ, ಮೂರು ಬೆರಳು ಸುಟ್ಟುಕೊಂಡೆ.

ನಿನ್ನೆ ಲಾಂಬರ್ಟನ ಈಟಿಯೂ ತಪ್ಪಿತು. ಆಗಲೂ ಹಿರಿಯರು ಬಂದದ್ದು ನನ್ನ ಬಾಗಿಲಿಗೇ, ಪವಿತ್ರ ಜಲದ ಬೋಗುಣಿ ಹಿಡಿದುಕೊಂಡು. ನನ್ನ ಕೋಪ ಇನ್ನೂ ದೋಣಿಯನ್ನು ಬಿಟ್ಟಿಲ್ಲವಂತೆ. ತಪ್ಪೊಪ್ಪಿಕೊಂಡು ಅದರಲ್ಲಿ ಕೈ ಅದ್ದಬೇಕು. ಆ ನೀರು ಚಿಮುಕಿಸಿದ ಮೇಲೆಯೇ ದೋಣಿ ಹೊರಡುವುದು. ನಾನು ತವರಿನಲ್ಲಿದ್ದೆ ಎಂದರೆ, ಗಂಡನ ಸಾಕ್ಷಿ, ತಾಯಿಯ ಸಾಕ್ಷಿ ನಡೆಯುವುದಿಲ್ಲವಂತೆ.

"ತಪ್ಪಾಯ್ತು ಅಂದ್ಬಿಡೇ ತಾಯಿ," ಅಂದ ಕೋಪೋಂಗ್ ಅಜ್ಜ. "ನಾಲ್ಗೆ ಏನ್ ಸವೆಯುತ್ತಾ? ಕ್ರೈಸ್ತರಾದವ್ರು ಕೋಪ ನುಂಗ್ಬೇಕು."

"ಸೋಮವಾರದಿಂದ ಅದನ್ನೇ ನುಂಗ್ತಿದೀನಿ ಅಜ್ಜಾ, ಊಟ ಸೇರ್ತಿಲ್ಲ. ಆದ್ರೆ ಸುಳ್ಳನ್ನೂ ನುಂಗು ಅಂತ ಯೇಸು ಯಾವತ್ತು ಹೇಳಿದ? ಮಾಡ್ದಿರೋ ತಪ್ಪು ಒಪ್ಕೊಂಡು ಕೈ ಅದ್ದಿದ್ರೆ, ಆ ನೀರು ನಡುಗಡಲಲ್ಲಿ ನಿಮ್ಮನ್ನ ಕಾಯುತ್ತಾ?"

ನಾನು ಕೂಗಲಿಲ್ಲ. ನಾಲಿಗೆಯ ತುದಿಯಲ್ಲಿ ಎಂಥೆಂಥ ಬೈಗುಳಗಳು ಸಾಲುಗಟ್ಟಿದ್ದವು ಗೊತ್ತೇ! ಒಂದನ್ನೂ ಹೊರಗೆ ಬಿಡಲಿಲ್ಲ. ಕೋಳಿಗೆ ಕಾಳು ಹಾಕಿದವಳು ಯಾರೆಂದೂ ಹೇಳಲಿಲ್ಲ. ಹೇಳಿದ್ದರೆ ನೀನು ಇನ್ನೊಂದು ಸುಳ್ಳು ಹೇಳುತ್ತಿದ್ದೆ, ನಾನು ಮತ್ತೆ ಕಲ್ಲು ಎತ್ತುತ್ತಿದ್ದೆ. ನಿಜವನ್ನು ನಿನ್ನ ಬಾಯಿಯೇ ಹೇಳಬೇಕು. ಹೊತ್ತು ಮುಳುಗುವುದರೊಳಗೆ ಕೋಪ ಮುಗಿಸಿ ಎಂದು ಚರ್ಚಿನ ಪೂಜೆಯಲ್ಲಿ ಓದುತ್ತಾರಲ್ಲ, ನನ್ನದು ನಾಲ್ಕು ಹೊತ್ತು ಮುಳುಗಿಸಿ ಕೂತಿದೆ. ಅದಕ್ಕೇ ಈ ಕಾಗದ.

ನಿನ್ನೆ ನನ್ನ ಮಾತು ಕೇಳಿದ ಗಂಡಸರೆಲ್ಲ ಇಂದು ಬೆಳಿಗ್ಗೆ ಕಡಲಂಚಿಗೆ ಹೋದರು. ದೋಣಿಯನ್ನು ಯಾರೂ ತಳ್ಳಲಿಲ್ಲ. ಬೋಗುಣಿಯನ್ನು ನಡುವೆ ಇಟ್ಟು ಮರಳಿನ ಮೇಲೆ ಕೂತಿದ್ದಾರೆ. ಲಾಂಬರ್ಟ್ ಈಟಿಯನ್ನು ನೆಲಕ್ಕಿಟ್ಟು ನಿಮ್ಮ ಮನೆಯ ದಾರಿಯನ್ನೇ ನೋಡುತ್ತಿದ್ದಾನೆ.

ದೇವರು ನಿನ್ನ ಕಾಲಿಗೆ ಆ ಬೋಗುಣಿಯವರೆಗೆ ನಡೆಯುವ ಬಲ ಕೊಡಲಿ. ನೀನು ಬರುವವರೆಗೆ ನನ್ನ ಕೈಯನ್ನು ಅವನೇ ಹಿಡಿದಿರಲಿ.

ಇನ್ನೂ ಕುದಿಯುತ್ತಿರುವ, ಆದರೂ ನಿನ್ನ ತಂಗಿಯೇ ಆದ,
ಗೌದೆನ್ಸಿಯಾ