ನಿನ್ನ ಹೆಸರಿನ ಗುಳಿಗೆ

ಜಹೀರಾಬಾದ್
2 ನವೆಂಬರ್ 2011

ತಂಗಿ ಧಮ್ಮಶೀಲಾ,

ಜೈ ಭೀಮ್. ನಾವೆಲ್ಲ ಇದ್ದೇವೆ, ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ಈ ಕಾಗದ ಹರಿದು ಒಲೆಗೆ ಹಾಕುತ್ತೀ. ನೀನು ತಾಂಡೂರಿಗೆ ಚಿಕ್ಕಮ್ಮನ ಮನೆಗೆ ಹೋಗಿ ಮೂರು ವಾರದ ಮೇಲಾಯಿತು, ಈಗ ಬರೆಯುತ್ತಿದ್ದೇನೆ. ತಪ್ಪು ನನ್ನದೇ. ಫೋನ್ ಮಾಡಿದಾಗಲೆಲ್ಲ ಶಾಂತಾಬಾಯಿ ಚಿಕ್ಕಮ್ಮ, "ಅಕಿ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ಯಾಳಪ್ಪ, ಏಳಂಗಿಲ್ಲ" ಅನ್ನುತ್ತಾಳೆ. ಕಾಗದವನ್ನಾದರೂ ಓದು.

ಪ್ರತ್ಯೇಕ ತೆಲಂಗಾಣಕ್ಕಾಗಿ ವಾರಗಟ್ಟಲೆ ನಡೆದ ಬಂದ್ ಮುಗಿದು ಬಸ್ಸುಗಳು ಮತ್ತೆ ಓಡುತ್ತಿವೆ. ನಾನು ಟ್ರಾಕ್ಟರ್ ಕಾರ್ಖಾನೆಗೆ ದಿನಾ ಹೋಗುತ್ತಿದ್ದೇನೆ. ನಿನ್ನ ಅತ್ತಿಗೆ ಶಿಲ್ಪಾರಾಣಿ ಈಗಲೂ ಬಾಗಿಲಲ್ಲಿ ನಿಂತು, "ಗುಳಿಗಿ ತಗೊಂಡ್ರ್ಯಾ?" ಎಂದು ಕೇಳಿದ ಮೇಲೆಯೇ ಊಟದ ಡಬ್ಬಿ ಕೈಗೆ ಕೊಡುವುದು.

ಡಾಕ್ಟರು ಬೈಪೋಲಾರ್ ಅಂತ ಬರೆದುಕೊಟ್ಟ ರೋಗ ನಮ್ಮಿಬ್ಬರಿಗೂ ಒಂದೇ. ಗುಳಿಗೆಯೂ ಒಂದೇ. ಆದರೆ ನಾನು ಎರಡು ತಿಂಗಳು ಹಾಸಿಗೆ ಬಿಟ್ಟೇಳದಿದ್ದಾಗ ಶಿಲ್ಪಾ ಕಾಮಾಲೆ ಅಂತ ಹೇಳಿ ನನ್ನ ನೌಕರಿ ಉಳಿಸಿದಳು. ಹುರುಪು ನೆತ್ತಿಗೇರಿ ಸಾಹೇಬರ ಮೇಲೆ ಕೂಗಾಡಿದರೆ, "ಪಾಪ, ಟೆನ್ಷನ್" ಅಂದರು. ಹೆರಿಗೆಯಾದ ಮೇಲೆ ನಿನಗೂ ಅದೇ ಬಂದಾಗ ನಿನ್ನ ಗಂಡ ಸತೀಶಕುಮಾರ ಮಗುವನ್ನು ನಾರಾಯಣಖೇಡದಲ್ಲೇ ಇಟ್ಟುಕೊಂಡು ನಿನ್ನನ್ನು ನಮ್ಮ ಬಾಗಿಲಿಗೆ ತಂದುಬಿಟ್ಟ. ಇಲ್ಲಾದರೂ ಏನು? ನೀನು ಸ್ವಲ್ಪ ಜೋರಾಗಿ ನಕ್ಕರೆ ಸಾಕು, ಮನೆಯವರೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದಸರೆಗೆ ನೀನು ಆರಾಮಿದ್ದರೆ ಮಗಳು ಸುಜಾತಾಳನ್ನು ಒಂದು ತಿಂಗಳು ನಿನ್ನ ಹತ್ತಿರ ಬಿಡುತ್ತೇನೆಂದು ಸತೀಶ ಒಪ್ಪಿದ್ದ. ಅವಳಿಗಾಗಿ ನೀನು ಕೆಂಪು ಲಂಗ ಹೊಲಿದಿದ್ದೆ. ಅಷ್ಟರಲ್ಲಿ ಬಸ್ಸು ನಿಂತವು. ಹೈದರಾಬಾದಿಗೆ ಹೋಗಿ ಗುಳಿಗೆ ತರುವಂತಿಲ್ಲ, ಇಲ್ಲಿನ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ದಸರೆ ಹೊತ್ತಿಗೆ ನೀನು ನಿದ್ದೆ ಮಾಡದೆ ನಾಲ್ಕು ದಿನವಾಗಿತ್ತು. ಸತೀಶ ಮೋಟರ್‌ಸೈಕಲ್ ಮೇಲೆ ಮಗುವನ್ನು ತಂದ. ಅವನು ಚಹಾ ಕುಡಿದು ಮುಗಿಸುವುದರೊಳಗೆ ನೀನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೈವೇಗೆ ಓಡಿದ್ದೆ. ರಸ್ತಾರೋಕೋ ಮಾಡುತ್ತಿದ್ದವರ ನಡುವೆ ನಿಂತು "ಜೈ ತೆಲಂಗಾಣ" ಎಂದು ಕೂಗುತ್ತಿದ್ದೆ. ಅಲ್ಲಿ ಐನೂರು ಜನ ಕೂಗುತ್ತಿದ್ದರು, ಧಮ್ಮಾ. ಹುಚ್ಚಿ ಅನ್ನಿಸಿಕೊಂಡವಳು ನೀನೊಬ್ಬಳೇ.

ಮಗುವನ್ನು ಕಿತ್ತುಕೊಂಡ ಸತೀಶ, "ಗುಳಿಗಿ ತಾನೇ ಬಿಟ್ಟಾಳ್ರಿ. ಇಂಥಕಿ ಕೈಯಾಗ ಕೂಸು ಹ್ಯಾಂಗ ಕೊಡ್ಲಿ?" ಅಂದ. ಅವ್ವ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಲಂಗ ಇನ್ನೂ ಗೂಟಕ್ಕೆ ಹಾಗೇ ಇದೆ.

ಭಾನುವಾರ ನಾರಾಯಣಖೇಡಕ್ಕೆ ಹೋಗಿ ಅದನ್ನು ಸುಜಾತಾಳಿಗೆ ಕೊಟ್ಟು ಬರುತ್ತೇನೆ. ಸತೀಶನಿಗೆ ಹೇಳಬೇಕಾದ ಮಾತೊಂದಿದೆ. ಅವನೆದುರು ಬಾಯಿ ಬರುತ್ತದೋ ಇಲ್ಲವೋ. ಚಿಕ್ಕಮ್ಮ ಕೊಡುವ ಗುಳಿಗೆ ಬಿಡಬೇಡ, ಎರಡು ತುತ್ತಾದರೂ ಉಣ್ಣು. ನಿನಗೆ ನಿದ್ದೆ ಬರಲಿ, ನಿನ್ನ ಮಗಳು ನಿನ್ನ ಕೈ ಸೇರಲಿ.

ನಿನ್ನ ಅಣ್ಣ,
ಪ್ರೇಮಕುಮಾರ

ತಾ.ಕ.: ಬಸ್ಸು ನಿಂತ ದಿನ ಮನೆಯಲ್ಲಿ ಗುಳಿಗೆಯ ಎರಡು ಶೀಟು ಇದ್ದವು, ನನ್ನದೊಂದು, ನಿನ್ನದೊಂದು. ಅದಲುಬದಲಾಗಬಾರದೆಂದು ಅವ್ವ ಪೆನ್ನಿನಿಂದ ಹೆಸರು ಬರೆದಿಡುತ್ತಾಳಲ್ಲ. ನಿನ್ನವು ಮುಗಿದವು ಅಂತ ಅವತ್ತೇ ನಿನಗೆ ಸುಳ್ಳು ಹೇಳಿ ಎತ್ತಿಟ್ಟಿದ್ದಳು. ನನ್ನವು ಖಾಲಿಯಾದ ಮರುದಿನ ಆ ಶೀಟು ನನ್ನ ಮುಂದೆ ಹಿಡಿದು, "ಅಕಿ ಹ್ಯಾಂಗೂ ಮನ್ಯಾಗೇ ಇರ್ತಾಳ. ನಿನಗ ನೌಕರಿ ಅದ, ತಗೋ" ಅಂದಳು. ನಾನು ಅದರ ಮೇಲಿದ್ದ ನಿನ್ನ ಹೆಸರು ಓದಿದೆ. ಆಮೇಲೆ ನೀರು ಕೇಳಿದೆ. ಒಳಗಿನಿಂದ ತಂಬಿಗೆ ತಂದುಕೊಟ್ಟವಳು ನೀನೇ.