ಒಡಹುಟ್ಟಿದವರ ಕಾಲಂ

ಮೇ 8, 1998, ಶುಕ್ರವಾರ

ಇವತ್ತೂ ಹನ್ನೆರಡು ರಬ್ಬರ್ ರಿಂಗು. ಮಷಿನ್‌ನ್ಯಾಗ ಒತ್ತೋದು, ಬಿಡೋದು, ಎಷ್ಟು ಮ್ಯಾಲೆದ್ದಿತು ಬರಿಯೋದು. ಅಮೆರಿಕಾದ ಅಣುಬಾಂಬಿನ ಒಳಗ ಇಪ್ಪತ್ತು ವರ್ಷ ಬಾಳಲಿ ಅಂತ ಮಾಡಿದ್ದು, ಮೂವತ್ತೊಂದು ಆತು. ಹೊಸಾ ಬಾಂಬ್ ಮಾಡಂಗಿಲ್ಲ, ಹಳೇದು ಬಿಡಂಗಿಲ್ಲ. ಇನ್ನೂ ಹತ್ತು ವರ್ಷ ನಡೀತೈತಿ ಅಂತ ಹಾಳಿ ಕೆಳಗ ನನ್ನ ಸಹಿ. ಡಲ್ಲಾಸಿನ ಲ್ಯಾಬಿನಿಂದ ಮರ್ಫಿಯ ಮನಿಗೆ ಡ್ರೈವ್ ಮಾಡಿ ಬರೂದ್ರಾಗ ಸೊಂಟ ಬಿದ್ದುಹೋತು. ಏನ್ ಕೆಲಸ ಅಂತ ಯಾರರ ಕೇಳಿದ್ರ ರಬ್ಬರ್ ಕೆಲಸ ಅಂತೀನಿ. ಸುಳ್ಳೇನಲ್ಲ.

ಮೇ 12

ಭಾರತ ಬಾಂಬ್ ಟೆಸ್ಟ್ ಮಾಡೇತಿ. ಲ್ಯಾಬಿನ್ಯಾಗ ಎಲ್ಲಾರೂ ನನ್ನ ಮಾರಿ ನೋಡಾವ್ರ. ಸೂಪರ್‌ವೈಸರ್ ರಾಯ್ ಕಾಫಿ ತಂದುಕೊಟ್ಟ. ಎಂಟು ವರ್ಷದಾಗ ಮೊದಲನೇ ಸಲ.

ಮೇ 24, ರವಿವಾರ

ಧಾರವಾಡದಿಂದ ಅವ್ವನ ಫೋನು. ಓಣಿಗೆಲ್ಲಾ ಪೇಡೆ ಹಂಚ್ಯಾಳಂತ. ತಮ್ಮ ಚಿದಾನಂದ ಅಲ್ಲೇ ಇದ್ನಂತ, ಆ ಉಸುಕಿನ್ಯಾಗ. ಮುಂಬಯಿಯೊಳಗ ಸರ್ಕಾರಿ ಇಂಜಿನಿಯರ್ ಅಂತಷ್ಟ ನಮಗ ಗೊತ್ತಿತ್ತು. ಪೇಪರಿನವ್ರು ಬಂದಿದ್ರಂತ. ಮಗ ಪೋಖರಣದಾಗ, ಮಗಳು ಅಮೆರಿಕಾದಾಗ ಇಂಜಿನಿಯರ್ — ಅಚ್ಚಾಗೇತಂತ. ಅಯ್ಯೋ ಅವ್ವಾ... ಬೈಲಿಕ್ಕೆ ಬಾಯಿ ಬರಲಿಲ್ಲ. ನನಗೂ ಒಂದೀಟು ಹೆಮ್ಮೆ ಆತು, ಹಾಳಾದ್ದು.

ಮೇ 27

ಹೊಸಾ ರೂಲು. ಲ್ಯಾಬಿನವ್ರೆಲ್ಲಾ ಸೆಕ್ಯುರಿಟಿ ತಪಾಸಣಿಯ ಕ್ಲಿಯರೆನ್ಸ್ ಫಾರ್ಮ್ ತುಂಬಬೇಕು. ತಂದಿ, ತಾಯಿ, ಒಡಹುಟ್ಟಿದವರು, ಅವರ ಉದ್ಯೋಗ. ಸುಳ್ಳು ಬರದ್ರ ಜೈಲು. ಮುಂದಿನ ಶುಕ್ರವಾರ ಕೊನೇ ದಿನ.

ಮೇ 31

ಚಿದೂನ ಫೋನು, ಬೂತಿನಿಂದ. ಮ್ಯಾಲಿನವ್ರು ಪೇಪರ್ ಕಟಿಂಗ್ ಮುಂದ ಇಟ್ರಂತ. ಯಾಕಂದ್ರ ಕೆಲಸಕ್ಕ ಸೇರುವಾಗ ಅವನೂ ಫಾರ್ಮ್ ತುಂಬಿದ್ದ — ಅಕ್ಕ-ತಂಗಿ ಯಾರೂ ಇಲ್ಲ ಅಂತ. ಅಮೆರಿಕಾದಾಗ ಅಕ್ಕ ಅದಾಳಂದ್ರ ತಗೊಳ್ಳಂಗಿಲ್ಲ ಅಂತ ಹೆದರಿ. ಈಗ ಅಕಿ ದೊಡ್ಡಪ್ಪನ ಮಗಳು, ಅವ್ವ ರೂಢಿಗೆ ಮಗಳು ಅಂತಾಳ ಅಂದುಬಿಟ್ಟಾನ. ನಮ್ಮ ಕಡೆ ಹಂಗ ಅಂತಾರಲ್ಲ. ಸದ್ಯಕ್ಕ ನಂಬ್ಯಾರ. ನನ್ನ ಫಾರ್ಮಿನ ಸುದ್ದಿ ಹೇಳಿದೆ.

“ಅಕ್ಕಾ, ನಿನ್ನ ಫಾರ್ಮಿನ್ಯಾಗೂ ನಾ ಬ್ಯಾಡ. ಎರಡೂ ಕಡೆ ಒಂದೇ ಮಾತಿರಲಿ.”

ಇಷ್ಟು ವರ್ಷ ನಿನ್ನ ಪಾಲಿಗೆ ನಾ ಸತ್ತಿದ್ನೇನೋ ಅಂತ ಕೇಳಬೇಕಿತ್ತು. ಊಟ ಆತೇನು ಅಂದೆ.

ಜೂನ್ 3

ಮೂರು ದಿನದಿಂದ ಸಿಟ್ಟು. ಸೊಂಟದ ಮ್ಯಾಲೆ ಹೊತ್ತು ತಿರುಗಿಸಿದಾಕಿ ನಾನು! ಇವತ್ತು ಒಂದು ರಿಂಗು ಮ್ಯಾಲೇಳಲೇ ಇಲ್ಲ. ಫೇಲ್ ಅಂತ ಬರದೆ. ಇನ್ನೊಮ್ಮೆ ನೋಡು ಅಂದ ರಾಯ್. ನೋಡಿದೆ. ಫೇಲೇ. ಸಹಿ ಹಾಕಿ ಕೊಟ್ಟೆ. ಇಷ್ಟು ವರ್ಷದಾಗ ಒಂದು ಹಾಳಿ ಮ್ಯಾಲೂ ಸುಳ್ಳು ಸಹಿ ಇಲ್ಲ ನಂದು.

ಜೂನ್ 5, ಶುಕ್ರವಾರ, ಬೆಳಿಗ್ಗೆ 6

ನನ್ನ ಗಂಡ ಜಯಂತ ಖರೇನ ಬರಿ ಅಂತಾನ. ಅವಗ ಸಲೀಸು. ಖರೇ ಬರದ್ರ, ಇವತ್ತಲ್ಲ ನಾಳೆ ವಿಚಾರಣಿ ಅಲ್ಲಿಗೆ ಮುಟ್ಟತೈತಿ, ಚಿದೂನ ಬದುಕು ಮುಗೀತು.

ತಂದಿ — ತೀರಿಕೊಂಡಾರ. ತಾಯಿ — ಶಿವಬಸವ್ವ, ಧಾರವಾಡ. ಒಡಹುಟ್ಟಿದವರು — ಯಾರೂ ಇಲ್ಲ.

ಬರದೆ. ರಿಂಗಿನ ಅಳತಿ ಬರದಷ್ಟೇ ಸಲೀಸು, ಅದಕ್ಕ ಹೆಚ್ಚು ಹೆದರಿಕಿ ಆತು. ಅಲ್ಲಿ ಅವ್ವಗ ಮಗ ಒಬ್ಬನೇ. ಇಲ್ಲಿ ಮಗಳು ಒಬ್ಬಾಕಿನೇ.

ಕೆಳಗ ಸಹಿ. ವಿಜಯಾ ಅಂತ ಬರದು ನಿಂತೀನಿ. ಮುಂದಿಂದು ಅಪ್ಪನ ಹೆಸರು. ಚಿದೂನೂ ದಿನಾ ಸಹಿ ಮಾಡುವಾಗ ಇದೇ ಹೆಸರು ಬರೀತಾನ.